ಎರಡನೆಯ ಕರಡಿನಲ್ಲಿ ಯಾರೂ ಸಾಯಬಾರದು

ಈ ಬೆಳಿಗ್ಗೆ ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿ, ಪುಣ್ಯಕ್ಕೆ ಕಿಟಕಿಯ ಪಕ್ಕದ ಸೀಟು ಸಿಕ್ಕಿ, ತೊಡೆಯ ಮೇಲಿಟ್ಟುಕೊಂಡ ಹುಡುಗರ ಕತೆಗಳ ಕಟ್ಟು ಬಿಚ್ಚಿದೆ. ಘಮ್ಮೆಂದು ಒಗ್ಗರಣೆಯ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಯಜಮಾನರು ಬುತ್ತಿ ಎಲ್ಲಿದೆ ಎಂದು ನನ್ನ ಕಾಲಬುಡದಲ್ಲಿ ಹುಡುಕಿದರು. ಬುತ್ತಿ ಇರಲಿಲ್ಲ, ಇದ್ದದ್ದು ಕಾಗದ. ನೀವು ನಗಬಹುದು, ಆದರೆ ಹುಡುಗರ ಕತೆಗಳಿಗೆ ನಿಜಕ್ಕೂ ವಾಸನೆ ಇರುತ್ತದೆ. ಬರೆಯಲು ಅವರಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ಒಬ್ಬಳು ಒಲೆಯ ಮುಂದೆ ಕೂತು ಬರೆದಿರುತ್ತಾಳೆ, ಒಬ್ಬ ಅಪ್ಪನ ಅತ್ತರಿನ ಅಂಗಡಿಯ ಗಲ್ಲೆಯ ಹಿಂದೆ, ಇನ್ನೊಬ್ಬ ಎಮ್ಮೆಗೆ ಹಿಂಡಿ ಇಟ್ಟ ಕೈಯಲ್ಲೇ. ಕತೆಯಲ್ಲಿ ಮಾತ್ರ ಒಲೆಯೂ ಇರುವುದಿಲ್ಲ, ಎಮ್ಮೆಯೂ ಇರುವುದಿಲ್ಲ. ಕತೆಯಲ್ಲಿ ಇರುವುದು ಸಾವು.

ಕಟ್ಟಿನ ಮೊದಲ ಕತೆಯಲ್ಲಿ ಮೊದಲ ಪುಟಕ್ಕೇ ಅಜ್ಜಿ ತೀರಿಕೊಂಡಳು. ಎರಡನೆಯದರಲ್ಲಿ ಗೆಳೆಯನನ್ನು ಉಳಿಸಲು ಹೋದ ಗೆಳೆಯ ಬಾವಿಯ ಪಾಲಾದ, ಆಮೇಲೆ ದುಃಖ ತಡೆಯಲಾರದೆ ಉಳಿದವನೂ ಹೋದ. ಮೂರನೆಯದರಲ್ಲಿ ನಾಯಿ. ಬಸ್ಸು ಬಂಗ್ಲಾ ಎಂಬ ಊರಿನ ತಿರುವಿಗೆ ಬರುವುದರೊಳಗೆ ನನ್ನ ತೊಡೆಯ ಮೇಲೆ ಒಂದು ಸಣ್ಣ ಸ್ಮಶಾನವೇ ಆಗಿತ್ತು.

ನಾನು ಬಸವಕಲ್ಯಾಣದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಹೇಳುವವನು. ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಬರಹಗಳ ಸಂಚಿಕೆ ತರುತ್ತಾರೆ. ಅದರ ಕತೆಗಳನ್ನು ತಿದ್ದಿಸುವ ಕೆಲಸ ನನ್ನ ಕೊರಳಿಗೆ ಬಿದ್ದು ಬಹಳ ವರ್ಷಗಳಾದವು. ಮೊದಮೊದಲು ಕೆಂಪು ಪೆನ್ನು ಹಿಡಿದು ಕೂತರೆ ಊಟದ ನೆನಪಿರುತ್ತಿರಲಿಲ್ಲ. "ಪಾಪ, ಆ ಕೂಸಿನ ಹಾಳಿ ನೋಡ್ರಿ, ಬಾಣಂತಿ ಕೋಣಿಯಿಂದ ಬಂದಾಂಗ ಅದ" ಎಂದು ನನ್ನ ಹೆಂಡತಿ ಒಮ್ಮೆ ಬೈದ ಮೇಲೆ ಪೆನ್ಸಿಲ್ಲಿಗೆ ಇಳಿದೆ. ಆಮೇಲೆ ಗೊತ್ತಾಯಿತು, ಮಕ್ಕಳಿಗೆ ವಾಕ್ಯ ತಿದ್ದಿಕೊಡುವುದು ಸುಲಭ, ಕೊಲೆ ಬಿಡಿಸುವುದು ಕಷ್ಟ. ಕತೆ ಎಲ್ಲಿಗೆ ಹೋಗಬೇಕು ಎಂದು ತಿಳಿಯದಾಗ ಅವರು ಯಾರನ್ನಾದರೂ ಕೊಂದುಬಿಡುತ್ತಾರೆ. ಸತ್ತವರ ಬಗ್ಗೆ ಮುಂದೆ ಬರೆಯಬೇಕಾಗಿಲ್ಲವಲ್ಲ! ಹಾಗಾಗಿ ನಾನೊಂದು ಕಾನೂನು ಮಾಡಿದೆ. ಮೊದಲ ಕರಡಿನಲ್ಲಿ ಯಾರನ್ನು ಬೇಕಾದರೂ ಕೊಲ್ಲಿ, ನನ್ನದೇನೂ ತಕರಾರಿಲ್ಲ. ಎರಡನೆಯ ಕರಡಿನಲ್ಲಿ ಎಲ್ಲರೂ ಎದ್ದು ಕೂತಿರಬೇಕು.

ಈ ಕಾನೂನಿನಿಂದ ಕಾಲೇಜಿನಲ್ಲಿ ನನಗೆ ಬಂದ ಹೆಸರು ಹೇಳುವುದಿಲ್ಲ, ಯಮನ ವೈರಿಗೆ ಇಡಬಹುದಾದ ಹೆಸರು ಎಂದರೆ ಸಾಕು. ಉರ್ದು ಹೇಳುವ ಪರ್ವೀನ್ ಮೇಡಂ ನನ್ನ ಮೇಜಿನ ಎದುರಿಗೇ ಕೂಡುತ್ತಾರೆ. ನಾನು ಕತೆ ತಿದ್ದಲು ಶುರು ಮಾಡಿದರೆ ಅವರು ಚಹಾ ತರಿಸಿ, "ಎಷ್ಟ್ ಮಂದಿ ಬದುಕಿದ್ರು ಸರ್ ಇವತ್ತು?" ಎಂದು ವಿಚಾರಿಸುತ್ತಾರೆ. ಅವರ ಕಡೆಯ ಹುಡುಗರದು ಬೇರೆ ರೋಗ. ಅಲ್ಲಿ ಯಾರೂ ಸಾಯುವುದಿಲ್ಲವಂತೆ, ಎಲ್ಲರೂ ಬರೀ ಅಳುತ್ತಾರಂತೆ.

ಇವತ್ತು ಬಸ್ಸಿನಲ್ಲಿ ಆ ಒಗ್ಗರಣೆಯ ವಾಸನೆ ಬಂದಾಗ ನನಗೆ ನೆನಪಾದವಳು ಹೋದ ವರ್ಷದ ಒಬ್ಬ ಹುಡುಗಿ. ಅವಳನ್ನು ಸುರೇಖಾ ಎನ್ನೋಣ. ಈ ಬರಹದಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಆ ಮನೆಯ ಹೆಂಗಸರು ಓದುವವರಲ್ಲ, ಆದರೆ ಓದಿಸಿಕೊಂಡು ಕೇಳುವವರು. ಅದು ಇನ್ನೂ ಅಪಾಯ.

ಸುರೇಖಾ ಹುಲಸೂರಿನ ಆಚೆಯ ಒಂದು ಹಳ್ಳಿಯಿಂದ ಬರುತ್ತಿದ್ದಳು. ಆ ಕಡೆ ಹೊಲದ ಬದು ದಾಟಿದರೆ ಮಹಾರಾಷ್ಟ್ರ. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಮಾಡುವ ಊರುಗಳು ಅವು. ತರಗತಿಯಲ್ಲಿ ಎರಡನೆಯ ಸಾಲಿನ ತುದಿಗೆ ಕೂಡುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಆದರೆ ಯಾರು ಏನೇ ಹೇಳಿದರೂ ಅದನ್ನು ಅಕ್ಷರ ಬಿಡದೆ ಇನ್ನೊಬ್ಬರಿಗೆ ಒಪ್ಪಿಸುವ ಕಲೆ ಅವಳಿಗಿತ್ತು. ಪ್ರಾಂಶುಪಾಲರು ಅವಳ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದರೆ ಅವರ ಕೆಮ್ಮು ಸಮೇತ ನಮಗೆ ತಲುಪುತ್ತಿತ್ತು. ಅದು ಎಲ್ಲಿ ಕಲಿತ ವಿದ್ಯೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಅವಳ ಕತೆಯಲ್ಲಿ ಒಂದು ಅಂಗಳ. ಅಂಗಳಕ್ಕೆ ಎದುರುಬದುರಾಗಿ ಎರಡು ಬಾಗಿಲು, ಎರಡು ಒಲೆ. ಒಂದು ಒಲೆಯ ಮುಂದೆ ಅವ್ವ, ಇನ್ನೊಂದರ ಮುಂದೆ ಕಾಕಿ, ಅಂದರೆ ಅವಳ ಕಾಕಾನ ಹೆಂಡತಿ. ನೆಗೆಣ್ಣಿಯರಿಬ್ಬರೂ ಮಾತು ಬಿಟ್ಟು ಕಾಲವಾಗಿದೆ. ಹಾಗಂತ ಜಗಳವಿಲ್ಲ, ಕಿತ್ತಾಟವಿಲ್ಲ. ಒಬ್ಬಳು ಇನ್ನೊಬ್ಬಳ ಎಮ್ಮೆಗೆ ನೀರು ಇಡುತ್ತಾಳೆ, ಇನ್ನೊಬ್ಬಳು ಇವಳ ಸಂಡಿಗೆಯನ್ನು ಕಾಗೆಯಿಂದ ಕಾಯುತ್ತಾಳೆ. ಮಾತು ಮಾತ್ರ ಇಲ್ಲ. ಒಂದು ದಿನ ಕಾಕಿಗೆ ಹೊಲದಲ್ಲಿ ಹಾವು ಕಚ್ಚುತ್ತದೆ. ಹೆಣವನ್ನು ಅಂಗಳದಲ್ಲಿ ಮಲಗಿಸುತ್ತಾರೆ. ಅವ್ವ ಓಡಿ ಬಂದು, ಹೆಣದ ಗಲ್ಲ ಹಿಡಿದು, "ಏಳೇ ತಂಗೀ, ಒಮ್ಮೆರೆ ಮಾತಾಡೇ" ಅನ್ನುತ್ತಾಳೆ. ಕತೆ ಮುಗಿಯಿತು.

ಉಳಿದದ್ದೆಲ್ಲ ಪಠ್ಯಪುಸ್ತಕದ ಕನ್ನಡ. ಸೂರ್ಯ ಪಶ್ಚಿಮದಲ್ಲಿ ಅಸ್ತಂಗತನಾಗುತ್ತಿದ್ದ, ಪಕ್ಷಿಗಳು ಗೂಡು ಸೇರುತ್ತಿದ್ದವು, ಇತ್ಯಾದಿ. ಆದರೆ ಆ ಕೊನೆಯ ಮಾತು ಓದಿ ನನ್ನ ಪೆನ್ಸಿಲ್ಲು ನಿಂತಿತು. ಪಕ್ಕದಲ್ಲಿ ಬರೆದೆ: "ಇದೇ ಮಾತನ್ನು ಕಾಕಿ ಬದುಕಿರುವಾಗ ಹೇಳಿಸಲು ಆಗುವುದಿಲ್ಲವೇ?"

ಮರುದಿನ ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಆಗಾಂಗಿಲ್ರಿ ಸರ್."

"ಯಾಕವ್ವಾ?"

"ನೀವು ನಮ್ಮವ್ವಗ ನೋಡಿಲ್ರಿ."

ಕತೆಯ ಅವ್ವನ ಬಗ್ಗೆ ಕೇಳಿದ್ದಕ್ಕೆ ಮನೆಯ ಅವ್ವ ಬಂದಳು. ಕೂಡಲು ಹೇಳಿದೆ. ಒಲ್ಲೆನೆಂದು ನಿಂತೇ ಹೇಳಿದಳು. ಅವ್ವ ಮತ್ತು ಕಾಕಿ ಮಾತು ಬಿಟ್ಟದ್ದು ಇವಳು ಹುಟ್ಟುವ ಮುಂಚೆ. ಇವಳಿಗೆ ಮಾತು ಬಂದ ದಿನದಿಂದ ಆ ಮನೆಗೆ ಮತ್ತೆ ಮಾತು ಬಂತು. "ನಿಮ್ಮವ್ವಗ ಹೇಳು, ಬಿಸಲಿಗಿ ಹಾಕಿದ ಮೆಣಸಿನಕಾಯಿ ತಗೀ ಅಂತ." "ಕಾಕಿಗಿ ಹೇಳು, ಬೀಸಾಕ ಜ್ವಾಳ ಕೊಡ್ತಾಳೇನು ಅಂತ." ಇಬ್ಬರೂ ಎದುರುಬದುರು ಬಾಗಿಲಲ್ಲೇ ಕೂತಿರುತ್ತಾರೆ, ಒಬ್ಬಳು ಹೇಳಿದ್ದು ಇನ್ನೊಬ್ಬಳಿಗೆ ಸಾಫಾಗಿ ಕೇಳಿಸುತ್ತದೆ. ಆದರೂ ಇವಳು ಅಂಗಳ ದಾಟಿ ಹೋಗಿ ಹೇಳುವ ತನಕ ಕೇಳಿಸಿದ್ದಲ್ಲ. ಹಬ್ಬ, ಹುಣ್ಣಿಮೆ, ಜ್ವರ, ಮದುವೆ ಎಲ್ಲಕ್ಕೂ ಇವಳೇ ಟಪಾಲು. ಆಟಕ್ಕೆ ಹೋದವಳನ್ನೂ ಓಣಿಯಿಂದ ಕರೆಸುತ್ತಿದ್ದರಂತೆ, ಒಂದು ಮಾತು ದಾಟಿಸಲು.

"ಮುಂದಿನ ವರ್ಷ ನಾ ನರ್ಸಿಂಗಿಗಿ ಕಲಬುರ್ಗಿಗಿ ಹೋಗ್ತೀನ್ರಿ ಸರ್," ಅಂದಳು. "ನಾ ಹೋದಮ್ಯಾಲ ಇವರ ಮಾತು ಯಾರ್ ಮುಟ್ಟಸ್ತಾರ್ರಿ? ಹಂಗ ಇದ್ದುಬಿಡ್ತಾರ್ರಿ, ಇಬ್ಬರೂ. ನಂಗ ಗೊತ್ತದ. ಅದಕ್ಕ ಕೊಂದ್ ನೋಡಿದೆ."

ಕೊಂದು ನೋಡಿದೆ ಎಂಬುದನ್ನು ಅವಳು ಎಷ್ಟು ಸಹಜವಾಗಿ ಅಂದಳೆಂದರೆ ಪರ್ವೀನ್ ಮೇಡಂ ಚಹಾದ ಕಪ್ಪು ಕೆಳಗಿಟ್ಟರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಹುಡುಗಿಯ ಮೇಲೆ ಒಮ್ಮೆಲೇ ಅಕ್ಕರೆ ಉಕ್ಕಿತು. ಎಲ್ಲ ಹುಡುಗರೂ ಕತೆ ಮುಗಿಸಲು ಕೊಲ್ಲುತ್ತಿದ್ದರೆ, ಇವಳು ಅವ್ವನ ಬಾಯಿಂದ ಒಂದು ಮಾತು ಹೊರಡಿಸಲು ಕಾಕಿಯನ್ನು ಕೊಂದಿದ್ದಳು. ಆ ಕಾಕಿಯೋ ಇವಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ದೊಡ್ಡವಳನ್ನು ಮಾಡಿದವಳು.

"ಮಾತು ಯಾಕ ಬಿಟ್ರು?" ಎಂದು ಕೇಳಿದೆ.

"ಗೊತ್ತಿಲ್ರಿ."

ನೋಡಿ, ಕತೆ ಕಟ್ಟುವವರೆಲ್ಲ ಇಲ್ಲೇ ಮುಗ್ಗರಿಸುವುದು. ತುದಿಯನ್ನು ಹುಡುಕುತ್ತ ಹೋಗುತ್ತಾರೆ, ಬುಡವನ್ನು ಕೇಳಿಯೇ ಇರುವುದಿಲ್ಲ. ಎಷ್ಟೋ ಸಾವಿರ ಮಾತು ಹೊತ್ತ ಹುಡುಗಿ ಆ ಒಂದು ಮಾತನ್ನು ಕೇಳಿರಲಿಲ್ಲ. "ಹೋಗಿ ಕೇಳು. ಇಬ್ಬರಿಗೂ ಬೇರೆಬೇರೆ ಕೇಳು. ಆಮೇಲೆ ಬರಿ" ಅಂದೆ. ಹೇಳುವುದಕ್ಕೇನು, ಮೇಷ್ಟ್ರುಗಳ ನಾಲಿಗೆಗೆ ಎಲುಬಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಧಾಟಿಯಲ್ಲಿ ಹೇಳಿ ಕಳಿಸಿ, ನಾನು ನಿಶ್ಚಿಂತೆಯಿಂದ ಹುಮನಾಬಾದಿನ ಬಸ್ಸು ಹತ್ತಿದೆ.

ಒಂದು ವಾರ ಬಿಟ್ಟು ಎರಡನೆಯ ಕರಡು ಬಂತು. ಸೂರ್ಯ ಅಸ್ತಂಗತನಾಗುವುದನ್ನು ಬಿಟ್ಟಿದ್ದ. ಕಾಕಿ ಎದ್ದು ಕೂತಿದ್ದಳು, ಕೂತವಳು ತನ್ನ ಕತೆ ತಾನೇ ಹೇಳಿಕೊಂಡಿದ್ದಳು.

ನಮ್ಮ ಕಡೆಯವರಲ್ಲದಿದ್ದರೆ ನಿಮಗೆ ಒಂದು ಮಾತು ಹೇಳಬೇಕು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮ ಬೀದರ ಜಿಲ್ಲೆಯ ಊರುಗಳು ಖಾಲಿಯಾಗುತ್ತವೆ. ಜನರೆಲ್ಲ ಹೊಲದಲ್ಲಿರುತ್ತಾರೆ. ಅಂದಿನ ಅಡುಗೆ ಭಜ್ಜಿ. ಬಜಾರದ ಎಣ್ಣೆಯ ಭಜಿ ಅಲ್ಲ. ಹಸಿ ತೊಗರಿ, ಅವರೆ, ಕಡಲೆ, ಸಿಕ್ಕ ಸೊಪ್ಪು, ಸಿಕ್ಕ ಕಾಯಿ ಎಲ್ಲವನ್ನೂ ಹಿಟ್ಟಿನಲ್ಲಿ ಕೂಡಿಸಿ ಕುದಿಸಿದ ಗಟ್ಟಿ ಪಲ್ಯ. ಜೊತೆಗೆ ಸಜ್ಜೆಯ ರೊಟ್ಟಿ, ಅಂಬಲಿ. ಭಜ್ಜಿ ಮನೆಗೊಂದು ರುಚಿ. ಹೊಸ ಸೊಸೆ ಬಂದ ವರ್ಷ ಅವಳ ಕೈಯ ಭಜ್ಜಿಯನ್ನು ಸುತ್ತಲಿನ ಹೊಲದವರೆಲ್ಲ ಬಂದು ಉಂಡು ಹೋಗುತ್ತಾರೆ. ಹೊಸಬಳಿಗೆ ಅದೊಂದು ಪರೀಕ್ಷೆ.

ಕಾಕಿ, ಅವಳನ್ನು ಶೋಭಾ ಎನ್ನೋಣ, ಗಡಿಯಾಚೆಯ ಹುಡುಗಿ. ಅವಳ ತವರಿನಲ್ಲಿ ಪಲ್ಯಕ್ಕೆ ಬೆಲ್ಲ ಬೀಳಲೇಬೇಕು. ಮದುವೆಯಾದ ಮೊದಲ ಎಳ್ಳಮಾಸಿಗೆ ಭಜ್ಜಿಗೂ ಧಾರಾಳವಾಗಿ ಹಾಕಿದಳು. ಕನ್ನಡ ಆಗಿನ್ನೂ ಸರಿಯಾಗಿ ಬರುತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಮೊದಲ ತುತ್ತಿಗೇ ಯಾರೋ ಮುದುಕಿ, "ಏನವಾ, ಭಜ್ಜಿ ಮಾಡೀಯೋ ಹುಗ್ಗಿ ಮಾಡೀಯೋ?" ಅಂದಳಂತೆ. ಹುಗ್ಗಿ ಅಂದರೆ ನಮ್ಮಲ್ಲಿ ಬೆಲ್ಲದ ಸಿಹಿಯಡುಗೆ. ಹೊಲವೆಲ್ಲ ನಕ್ಕಿತು. ಶೋಭಾ ತಿರುಗಿ ಹಿರಿಯ ನೆಗೆಣ್ಣಿಯ ಮುಖ ನೋಡಿದಳು. ಆ ಮನೆಯಲ್ಲಿ ಅವಳಿಗೆ ಇದ್ದ ಒಬ್ಬಳೇ ಗೆಳತಿ ಅವಳು. ನೀಲಮ್ಮ, ಅಂದರೆ ಸುರೇಖಾಳ ಅವ್ವ, ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಮುಖ ತಿರುಗಿಸಿ ಬದುವಿನ ಆಚೆಗೆ ಹೋದಳು. ಬಾಯಿ ಮುಚ್ಚಿಕೊಂಡು ನಗಲು ಹೋದಳು ಎಂದುಕೊಂಡ ಶೋಭಾ ಅಂದಿನಿಂದ ಮಾತು ಬಿಟ್ಟಳು.

ಇದು ಕಾಕಿಯ ಕಡೆಯದು. ಅವ್ವನನ್ನು ಕೇಳಿದಾಗ, "ಯಾರಿಗಿ ಗೊತ್ತು? ಅಕೀನ ಬಿಟ್ಟಳು. ನಾನೂ ಬಿಟ್ಟೆ" ಅಂದಳಂತೆ, ಅಷ್ಟೇ. ಹಾಗಾಗಿ ಸುರೇಖಾ ಕಾಕಿಯ ಮಾತಿನಂತೆಯೇ ಬರೆದಿದ್ದಳು. ಅವ್ವ ನಕ್ಕಳು, ಕಾಕಿ ನೊಂದಳು.

ಕತೆ ಚೆನ್ನಾಗಿತ್ತು. ಆ ಸಂತೋಷದಲ್ಲಿ ನಾನು ನನ್ನ ಎರಡನೆಯ ಕಾನೂನನ್ನೂ ಜಾರಿ ಮಾಡಿದೆ. ಮೂರನೆಯ ಕರಡಿಗೆ ಮುಂಚೆ ಕತೆಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಎಲ್ಲಿ ನಾಲಿಗೆ ಎಡವುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಹುಡುಗರು ಎಮ್ಮೆಯ ಮುಂದೆ ಓದಿ ಬಂದು, "ಓದಿದೆ ಸರ್" ಅನ್ನುತ್ತಾರೆ. ಸುರೇಖಾ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ ಎಂಬುದನ್ನು ನಾನು ಮರೆತಿದ್ದೆ. ಅವಳು ಅಂಗಳದ ನಡುವೆ ನಿಂತು, ಈ ಬಾಗಿಲಲ್ಲಿ ಅವ್ವ, ಆ ಬಾಗಿಲಲ್ಲಿ ಕಾಕಿ ಕೂತಿರುವಾಗ, ಮೊದಲಿನಿಂದ ಕೊನೆಯವರೆಗೆ ಓದಿದಳು.

ಮರುದಿನ ಮೂರನೆಯ ಪೀರಿಯಡ್ಡು ಮುಗಿಸಿ ಬಂದರೆ ಸ್ಟಾಫ್ ರೂಮಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ಈ ಗೋಡೆಗೆ, ಒಬ್ಬಳು ಆ ಗೋಡೆಗೆ. ಒಂದೇ ಬಸ್ಸಿನಲ್ಲಿ ಬಂದಿದ್ದರು, ಒಬ್ಬಳು ಮುಂದಿನ ಬಾಗಿಲಿನಿಂದ ಹತ್ತಿ, ಒಬ್ಬಳು ಹಿಂದಿನದರಿಂದ. ನಡುವೆ ಸುರೇಖಾ, ಮುಖ ಒಣಗಿಸಿಕೊಂಡು ನಿಂತಿದ್ದಳು. ಪರ್ವೀನ್ ಮೇಡಂ ಎರಡೂ ಕಡೆಗೆ ಚಹಾ ಕೊಟ್ಟು, ನನ್ನ ಕಡೆ ನೋಡಿ, ನಿಮ್ಮ ಕರ್ಮ ಎಂಬಂತೆ ಹುಬ್ಬು ಏರಿಸಿದರು.

ಮೊದಲು ಎದ್ದವಳು ನೀಲಮ್ಮ. ಎತ್ತರದ, ಗಟ್ಟಿ ದನಿಯ ಹೆಂಗಸು. ಮಗಳು ಹೇಳಿದ್ದು ನಿಜ, ಇವಳಿಂದ ಬೇಡದ ಮಾತು ಹೊರಡಿಸುವುದು ಆಗದ ಕೆಲಸ.

"ನಮಸ್ಕಾರ್ರಿ ಸರ್. ನೀವ ಬರಸೀರಂತಲ್ರಿ ಇದು?"

"ನಾ ಬರಸಿಲ್ಲವ್ವಾ, ತಿದ್ದಸಾಕತ್ತೇನಿ."

"ಹಂಗಾದ್ರ ಇದೂ ತಿದ್ದಸ್ರಿ. ನಾ ನಕ್ಕಿಲ್ಲ. ಬಿಲಕುಲ್ ನಕ್ಕಿಲ್ಲ. ಪುಸ್ತಕದಾಗ ಹಾಕಿ ಊರಿಗೆಲ್ಲ ಹಂಚತೀರಂತ, ನಾ ನಕ್ಕೀನಂತ?"

ಆ ಗೋಡೆಯಿಂದ ಶೋಭಾ, ನನ್ನನ್ನೇ ನೋಡುತ್ತ, "ಅವರಿಗಿ ಹೇಳ್ರಿ ಸರ್, ನಾ ಕಣ್ಣಾರೆ ನೋಡೀನಿ ಅಂತ."

"ಅಕಿಗಿ ಹೇಳ್ರಿ ಸರ್, ನೋಡಿದ್ದು ಗಲತ್ ನೋಡ್ಯಾಳ ಅಂತ."

ಎರಡೂ ಗೋಡೆಗಳ ನಡುವೆ ನಾನು. ಸುರೇಖಾ ಇಷ್ಟು ವರ್ಷ ನಿಂತ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದರು. ಹೇಳುತ್ತೇನೆ ಕೇಳಿ, ಅದು ಸುಖದ ಜಾಗವಲ್ಲ. ಬಲಗಡೆ ತಿರುಗಿ, "ಅವರು ಹಿಂಗ ಅಂತಾರ" ಅನ್ನುವುದು, ಎಡಗಡೆ ತಿರುಗಿ, "ಇವರು ಹಂಗ ಅಂತಾರ" ಅನ್ನುವುದು. ಎರಡು ಸುತ್ತಿಗೇ ನನ್ನ ಕೊರಳು ನೋಯತೊಡಗಿತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಇಷ್ಟು ತಿರುಗಾಟ ಇರಲಿಕ್ಕಿಲ್ಲ.

"ಮತ್ತ ಸೆರಗು ಬಾಯಿಗಿ ಯಾಕ ಹಿಡದ್ರು? ಕೇಳ್ರಿ ಸರ್," ಅಂದಳು ಶೋಭಾ.

ನೀಲಮ್ಮ ಸೆರಗು ಬಿಗಿದುಕೊಂಡಳು. ನನ್ನ ಮುಖ ನೋಡಿದಳು, ನೆಲ ನೋಡಿದಳು. ಕೊನೆಗೆ ಪರ್ವೀನ್ ಮೇಡಂ ಕಡೆಗೆ ಸರಿದು, ಗಂಡಸಾದ ನನಗೆ ಕೇಳಿಸಬಾರದೆಂದು ತಗ್ಗಿಸಿದ ದನಿಯಲ್ಲಿ ಹೇಳಿದಳು. ತಗ್ಗಿಸಿದರೂ ಆ ದನಿ ಅಂಗಳ ದಾಟುವಂಥದ್ದೇ.

"ವಾಕರಿಕಿ ಬಂದಿತ್ರಿ ಮೇಡಂ. ಆಗ ಇಕಿ ಹೊಟ್ಯಾಗ ಇದ್ಲು." ಗದ್ದದಿಂದ ಸುರೇಖಾಳನ್ನು ತೋರಿಸಿದಳು. "ಇಕೀಕಿಂತ ಮದಲ ಒಂದು ನಿಂತಿದ್ದಿಲ್ರಿ ನಂಗ. ಅದಕ್ಕ ನಮ್ಮತ್ತಿ, ಈ ಸಲ ಮೂರು ತಿಂಗಳ ತುಂಬೂತನ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ಲು. ದೃಷ್ಟಿ ಆಗ್ತದ ಅಂತ. ಹೊಲದಾಗ ಅಷ್ಟು ಮಂದಿ. ಸೆರಗು ಬಾಯಿಗಿ ಹಿಡದು ಓಡಿದೆ. ಬದುವಿನ ಆಚಿ ಕುಂತು ಕಾರಿಕೊಂಡೆ. ತಿರುಗಿ ಬರೂದ್ರಾಗ ಅಕಿ ಮಾತು ಬಿಟ್ಟಿದ್ಲು. ಯಾಕ ಬಿಟ್ಲು ಅಂತ ಒಬ್ಬರೂ ಹೇಳಲಿಲ್ಲ ನಂಗ. ನನ್ನ ಬಸಿರಿನ ಸುಳುವು ಹತ್ತಿ ಹೊಟ್ಟಿಕಿಚ್ಚು ಬಂತೇನೋ ಅಂತ ನಾ ತಿಳಕೊಂಡೆ."

ನಾನು ಸುರೇಖಾಳ ಕಡೆ ನೋಡಿದೆ. ತಾನು ಹುಟ್ಟುವ ಮೊದಲಿನ ಕತೆ ಎಂದುಕೊಂಡು ಬರೆದವಳು, ಅದರೊಳಗೆ ತಾನೂ ಇದ್ದೆ ಎಂದು ತಿಳಿದು, ಒಮ್ಮೆ ಅವ್ವನ ಕಡೆ, ಒಮ್ಮೆ ಕಾಕಿಯ ಕಡೆ ನೋಡುತ್ತಿದ್ದಳು. ಇದನ್ನು ಯಾರಿಗೆ ಮುಟ್ಟಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಇಂಥಲ್ಲಿ ಇಬ್ಬರೂ ಅತ್ತು, ಅಪ್ಪಿಕೊಂಡು, ನಾನು ಕಣ್ಣೊರೆಸಿಕೊಂಡರೆ ಚೆಂದವಿತ್ತು. ಹುಡುಗರು ಹಾಗೇ ಬರೆಯುತ್ತಿದ್ದರು. ಆದದ್ದು ಬೇರೆ. ಶೋಭಾ ಅರ್ಧ ಕುಡಿದ ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದಳು. ಒಳಗೆ ಬರಲಿಲ್ಲ. "ಹೇಳು ನಿಮ್ಮವ್ವಗ, ಬಸ್ಸಿನ ಟೈಮ್ ಆಗ್ಯಾದ" ಎಂದು ಹೊರಗಿನಿಂದಲೇ ಸುರೇಖಾಳಿಗೆ ಹೇಳಿದಳು. ನೀಲಮ್ಮ ಚೀಲ ಎತ್ತಿಕೊಂಡು ಬಾಗಿಲ ತನಕ ಹೋದವಳು ತಿರುಗಿ, "ಸರ್, ಆ ವಾಕರಿಕಿ ಮಾತು ಪುಸ್ತಕದಾಗ ಹಾಕಿದ್ರ ನೋಡ್ರಿ ಮತ್ತ" ಎಂದು ನನಗೆ ಎಚ್ಚರಿಕೆ ಕೊಟ್ಟು ಹೋದಳು.

ಹೀಗೆ ನಾನು ಇಷ್ಟು ವರ್ಷಗಳಲ್ಲಿ ತಿದ್ದಿಸಿದ ಕತೆಗಳಲ್ಲೆಲ್ಲ ಒಳ್ಳೆಯದು ಅಚ್ಚಾಗಲಿಲ್ಲ. ನಕ್ಕಳು ಎಂದು ಹಾಕಿದರೆ ಅವ್ವ ಬಿಡುವುದಿಲ್ಲ, ನಗಲಿಲ್ಲ ಎಂದರೆ ಕಾರಣ ಹೇಳಬೇಕು, ಕಾರಣ ಹಾಕುವಂತಿಲ್ಲ. ಸುರೇಖಾ ಕತೆ ಹಿಂದಕ್ಕೆ ತೆಗೆದುಕೊಂಡಳು. ಅದರ ಜಾಗಕ್ಕೆ ಒಬ್ಬ ಹುಡುಗನ ನಾಯಿಯ ಕತೆ ಹೋಯಿತು. ನನ್ನ ದಾಕ್ಷಿಣ್ಯಕ್ಕೆ ನಾಯಿ ಕೊನೆಯ ಸಾಲಿನಲ್ಲಿ ಕಣ್ಣು ತೆರೆಯಿತು.

ಮನೆಯಲ್ಲಿ ಏನಾದರೂ ಬದಲಾಯಿತೇ ಎಂದು ಆಮೇಲೆ ಒಂದೆರಡು ಸಲ ಕೇಳಿದೆ. "ಇಲ್ರಿ ಸರ್. ಹಂಗ ನಡದದ. ಹೇಳು ಅಂತಾರ, ಹೇಳ್ತೀನಿ" ಅಂದಳು. ಅಷ್ಟು ವರ್ಷದ ರೂಢಿ ಒಂದು ಚಹಾಕ್ಕೆ ಹೋಗುತ್ತದೆಯೇ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಒಡೆಯುವುದು ಅಷ್ಟು ಸಲೀಸು, ಮತ್ತೆ ಮಣ್ಣು ಕಲಸುವವರು ಯಾರು? ಪರೀಕ್ಷೆ ಮುಗಿದು, ಸೀಟು ಸಿಕ್ಕು, ಕಲಬುರ್ಗಿಗೆ ಹೋಗುವ ಮುಂಚೆ ನಮಸ್ಕಾರ ಮಾಡಲು ಬಂದಿದ್ದಳು. ಪೇಡೆ ತಂದಿದ್ದಳು. ಕೊಟ್ಟು, ಹೋಗದೆ ನಿಂತಳು.

"ಸರ್, ಅವರಿಗಿ ಖರೇ ಗೊತ್ತಾದಮ್ಯಾಲೂ ಮಾತಾಡಲಿಲ್ಲಲ್ರಿ," ಅಂದಳು. "ಕತಿಯೊಳಗ ಆದ್ರ ಮಾತಾಡ್ತಿದ್ರು."

ಚೆನ್ನಾಗಿ ಓದವ್ವಾ, ಹುಷಾರಾಗಿರು ಎಂದು ಮೇಷ್ಟ್ರುಗಳು ಹೇಳುವ ಮಾತು ಹೇಳಿದೆ. ಅವಳು ಗೇಟು ದಾಟುವುದನ್ನು ನೋಡುತ್ತ, ಬೇರೆಯವರ ಮನೆಯ ಅಂಗಳಕ್ಕೆ ಪೆನ್ಸಿಲ್ಲು ಹಿಡಿದುಕೊಂಡು ಹೋಗಬಾರದಿತ್ತು ಎನ್ನಿಸಿತು. ಪರ್ವೀನ್ ಮೇಡಂ ಪೇಡೆ ಮುರಿದು ಅರ್ಧ ನನಗೆ ಕೊಟ್ಟು, "ಮೂರನೇ ಕರಡು ಇನ್ನೂ ಬಂದಿಲ್ಲಲ್ರಿ ಸರ್, ಕಾಯ್ರಿ ಜರಾ" ಅಂದರು. ಸಮಾಧಾನಕ್ಕೆ ಹೇಳಿದರೆಂದು ತಿಳಿದೆ.

ಇದೆಲ್ಲ ನೆನೆಯುತ್ತ ಇವತ್ತು ಬಸ್ಸಿನಲ್ಲಿ ಕತೆಗಳ ಕಟ್ಟನ್ನು ಮತ್ತೆ ಕಟ್ಟಿ ಚೀಲಕ್ಕೆ ಹಾಕಿದೆ. ಇವತ್ತು ತಿದ್ದುವ ದಿನವಲ್ಲ. ಕಾಲೇಜಿಗೆ ರಜೆ, ಎಳ್ಳಮಾಸಿ. ಮೊನ್ನೆ ಸುರೇಖಾ ಫೋನು ಮಾಡಿ, "ನಾ ಊರಿಗಿ ಬಂದೀನ್ರಿ ಸರ್, ಹೊಲಕ್ಕ ಬರ್ರಿ, ಮೇಡಮಗೂ ಕರಕೊಂಡು ಬರ್ರಿ" ಎಂದಿದ್ದಳು. ಮನೆಯ ಸುದ್ದಿ ಕೇಳುವುದರೊಳಗೆ ಫೋನು ಕಟ್ಟಾಯಿತು. ಮತ್ತೆ ಮಾಡುವ ಧೈರ್ಯ ನನಗಾಗಲಿಲ್ಲ.

ಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಪರ್ವೀನ್ ಮೇಡಂ ಕಾಯುತ್ತಿದ್ದರು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಇಬ್ಬರೂ ಹುಲಸೂರಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಹೊಲಗಳಲ್ಲಿ ಜನವೋ ಜನ. ಮೇಡಂ ತಮ್ಮ ಅಜ್ಜಿಯ ಕಾಲದಿಂದ ಎಳ್ಳಮಾಸಿಗೆ ಯಾರ ಯಾರ ಹೊಲಕ್ಕೆ ಕರೆ ಬರುತ್ತಿತ್ತು ಎಂದು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ, ಮನಸ್ಸು ಅಲ್ಲಿರಲಿಲ್ಲ. ಅಲ್ಲಿ ಇಬ್ಬರು ಹೆಂಗಸರು ಎರಡು ದಿಕ್ಕಿಗೆ ಕೂತು, ಸಾರ್‌ಗೆ ಹೇಳು ಉಣ್ಣಾಕ ಅಂತ, ಎಂದು ಆ ಹುಡುಗಿಯನ್ನು ಓಡಾಡಿಸುತ್ತಿದ್ದರೆ ಯಾವ ಮುಖ ಇಟ್ಟುಕೊಂಡು ಉಣ್ಣುವುದು ಎಂಬುದೇ ಚಿಂತೆ.

ಊರು ಮುಟ್ಟಿ, ಕೇಳಿಕೊಂಡು, ತೊಗರಿಯ ನಡುವಿನ ದಾರಿ ಹಿಡಿದೆವು. ಹೊಲ ಇನ್ನೂ ಕಾಣುವ ಮುಂಚೆಯೇ ದನಿ ಕೇಳಿಸಿತು. ಎರಡು ದನಿ, ಎರಡೂ ತಾರಕದಲ್ಲಿ. ಯಾವುದೋ ದೊಡ್ಡ ಜಗಳ. ಹೆಜ್ಜೆ ತಾನಾಗಿ ನಿಧಾನವಾಯಿತು. ಪರ್ವೀನ್ ಮೇಡಂ ಬಾಳೆಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಕಿವಿ ಕೊಟ್ಟು ನಿಂತರು.

"ವಾಕರಿಕಿ ಬಂದಿದ್ದು ಖರೇ ಅದ, ಒಪ್ಪಿದೆ ಅಕ್ಕಾ! ಆದ್ರ ಅದಕ್ಕಿಂತ ಮದಲ ಜರಾ ನಕ್ಕೀ! ಆ ಮುದುಕಿ ಹುಗ್ಗಿ ಅಂದಕೂಡ್ಲೆ ನಕ್ಕೀ!"

"ಏ ಶೋಭಾ, ನಿನಗ ಕಣ್ಣಾವೋ ಇಲ್ಲೋ? ನಕ್ಕಿಲ್ಲ ಅಂದ್ರ ನಕ್ಕಿಲ್ಲ!"

"ತುಟಿ ಅರಳಿತ್ತು ನಿಂದು!"

"ವಾಕರಿಕಿ ಬಂದ್ರ ನಿನ್ನ ತುಟಿ ಹ್ಯಾಂಗ ಇರ್ತದ, ತೋರಸು ನೋಡಾಮು!"

ತೊಗರಿಯ ಸಾಲು ದಾಟಿ ಬಂದರೆ, ಒಂದೇ ಒಲೆ. ಅದರ ಆಚೆ ಈಚೆ ಇಬ್ಬರೂ, ಒಬ್ಬಳ ಕೈಯಲ್ಲಿ ಸವಟು, ಇನ್ನೊಬ್ಬಳ ಕೈಯಲ್ಲಿ ರೊಟ್ಟಿ, ಮುಖಕ್ಕೆ ಮುಖ ಕೊಟ್ಟು ಬೈದಾಡುತ್ತಿದ್ದರು. ಗಂಡಸರು ದೂರ ಗಿಡದ ನೆರಳಲ್ಲಿ ತಮಗೆ ಸಂಬಂಧವೇ ಇಲ್ಲ ಎಂಬಂತೆ ಕೂತಿದ್ದರು. ನಾವು ಬಂದದ್ದನ್ನು ಇಬ್ಬರೂ ನೋಡಲಿಲ್ಲ.

ಸುರೇಖಾ ಬದುವಿನ ಮೇಲೆ ಕಾಲು ಇಳಿಬಿಟ್ಟು ಕೂತು ಹಸಿ ಕಡಲೆ ಬಿಡಿಸಿ ತಿನ್ನುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ನಗುತ್ತಿದ್ದಾಳೆ ಎಂದುಕೊಂಡೆ, ಹತ್ತಿರ ಬಂದಾಗ ನೋಡಿದರೆ ಕಣ್ಣು ತುಂಬಿದ್ದವು.

"ಮುಂಜಾನಿಂದ ಹಿಂಗ ನಡದದ್ರಿ ಸರ್," ಅಂದಳು. "ಒಬ್ಬರೂ ನನಗ ಕರದಿಲ್ಲ."